ಗೈಡ್ ಡಾಗ್ ಸ್ಕೂಲಿಗೆ ಹೊರಟಿದ್ದೀರಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ಕೆನಡಾದಲ್ಲಿ ಇರುವ ಕನ್ನಡದವರಲ್ಲಿ ಕಣ್ಣು ಕಾಣದವರು, ಕಡಿಮೆ ಕಾಣುವವರು, ಅವರ ಮನೆಯವರು ಗೈಡ್ ಡಾಗ್ ಬಗ್ಗೆ, ಅಂದರೆ ಕಣ್ಣು ಕಾಣದವರು ಓಡಾಡಲು ನೆರವಾಗುವ ತರಬೇತಿ ಪಡೆದ ನಾಯಿಯ ಬಗ್ಗೆ, ನನ್ನನ್ನು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾಯಿಯ ಜೊತೆ ನಡೆಯಲು ನಾನು ಕಲಿತದ್ದು ನ್ಯೂಜೆರ್ಸಿಯ ಮಾರಿಸ್‌ಟೌನ್‌ನಲ್ಲಿರುವ ದಿ ಸೀಯಿಂಗ್ ಐ ಸ್ಕೂಲಿನಲ್ಲಿ. ಹಾಗಾಗಿ ಹೆಚ್ಚಿನ ವಿವರ ಅಲ್ಲಿನದು. ಬೇರೆ ಸ್ಕೂಲುಗಳಲ್ಲಿ ದಿನಗಳ ಲೆಕ್ಕ, ಬಳಸುವ ಮಾತು, ಕೆಲವು ನಿಯಮಗಳು ಬೇರೆ ಇರುತ್ತವೆ. ಒಂದು ವಿಷಯ ಮಾತ್ರ ಎಲ್ಲ ಕಡೆ ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಿ ನಿಮ್ಮನ್ನು ಕರೆದುಕೊಂಡು ಹೋಗುವುದಿಲ್ಲ. ಹೋಗುವವರು ನೀವು. ಎಲ್ಲಿಗೆ, ಯಾವ ತಿರುವು, ಯಾವಾಗ ರಸ್ತೆ ದಾಟಬೇಕು ಅನ್ನುವುದೆಲ್ಲ ನಿಮ್ಮ ತಲೆಯಲ್ಲಿರಬೇಕು. ದಾರಿಯಲ್ಲಿ ಎಡವದ ಹಾಗೆ, ಏನಕ್ಕೂ ಡಿಕ್ಕಿ ಹೊಡೆಯದ ಹಾಗೆ ನೋಡಿಕೊಳ್ಳುವುದು ನಾಯಿಯ ಕೆಲಸ. ಇದು ಮನಸ್ಸಿಗೆ ಇಳಿದರೆ ಸ್ಕೂಲಿನಲ್ಲಿ ಅರ್ಧ ಗೊಂದಲ ಇರುವುದಿಲ್ಲ.

ಈ ಸ್ಕೂಲು ಅಂದರೆ ಏನು, ಹಾಸ್ಟೆಲ್ ಥರಾನಾ?

ಹೌದು, ಹಾಗೇ ಅಂದುಕೊಳ್ಳಿ. ನಿಮಗೊಂದು ಕೋಣೆ, ಮೂರು ಹೊತ್ತು ಊಟ, ಬೆಳಿಗ್ಗೆಯಿಂದ ರಾತ್ರಿವರೆಗೆ ಪಾಠ. ಕೆಲವು ಸ್ಕೂಲಿನಲ್ಲಿ ಎರಡು ವಾರ, ಕೆಲವು ಕಡೆ ಮೂರು ವಾರ ಅಥವಾ ಸ್ವಲ್ಪ ಜಾಸ್ತಿ. ಅಷ್ಟು ದಿನವೂ ಅಲ್ಲೇ ಇರಬೇಕು. ಒಬ್ಬ ಟೀಚರ್ ಕೈಕೆಳಗೆ ಕೆಲವೇ ಜನ ಇರುತ್ತಾರೆ. ನಾಯಿಗೆ ಅದಾಗಲೇ ಸುಮಾರು ನಾಲ್ಕು ತಿಂಗಳ ತರಬೇತಿ ಆಗಿರುತ್ತದೆ. ಅದಕ್ಕೂ ಮೊದಲು ಮರಿ ಇದ್ದಾಗ ಒಂದು ವರ್ಷಕ್ಕೂ ಹೆಚ್ಚು ಕಾಲ ಯಾವುದೋ ಕುಟುಂಬ ತಮ್ಮ ಮನೆಯಲ್ಲಿಟ್ಟುಕೊಂಡು ಸಾಕಿರುತ್ತದೆ, ಸಂಬಳ ಇಲ್ಲದೆ. ಅಂದರೆ ನೀವು ಹೋಗುವ ಹೊತ್ತಿಗೆ ನಾಯಿ ಕಲಿತು ಮುಗಿಸಿರುತ್ತದೆ. ಇನ್ನು ಕಲಿಯಬೇಕಾದವರು ನೀವೇ.

ಸೀಯಿಂಗ್ ಐ ಶುರುವಾದದ್ದು 1929ರಲ್ಲಿ, ಟೆನೆಸ್ಸಿಯ ನ್ಯಾಶ್ವಿಲ್‌ನಲ್ಲಿ. ಡೊರೊಥಿ ಯೂಸ್ಟಿಸ್ ಎಂಬ ಅಮೆರಿಕನ್ ಮಹಿಳೆ ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್ ಶೆಫರ್ಡ್ ನಾಯಿಗಳನ್ನು ಸಾಕಿ ತರಬೇತಿ ಕೊಡುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಜರ್ಮನಿಯಲ್ಲಿ ನಾಯಿ ಕೊಡುತ್ತಿದ್ದುದನ್ನು ನೋಡಿ 1927ರಲ್ಲಿ ಒಂದು ಪತ್ರಿಕೆಗೆ ಲೇಖನ ಬರೆದರು. ನ್ಯಾಶ್ವಿಲ್‌ನಲ್ಲಿ ಮಾರಿಸ್ ಫ್ರಾಂಕ್ ಎಂಬ ಕುರುಡ ಯುವಕನಿಗೆ ಅವರ ತಂದೆ ಅದನ್ನು ಓದಿ ಹೇಳಿದರು. ಫ್ರಾಂಕ್ ತಕ್ಷಣ ಕಾಗದ ಬರೆದರು. 1928ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಬಡ್ಡಿ ಎಂಬ ನಾಯಿಯ ಜೊತೆ ಕಲಿತು ಬಂದು, ನ್ಯೂಯಾರ್ಕಿನಲ್ಲಿ ಪತ್ರಕರ್ತರ ಕಣ್ಣೆದುರಿಗೇ ವಾಹನ ತುಂಬಿದ ವೆಸ್ಟ್ ಸ್ಟ್ರೀಟ್ ದಾಟಿ ತೋರಿಸಿದರು. ಮರುವರ್ಷ ಯೂಸ್ಟಿಸ್ ಮತ್ತು ಫ್ರಾಂಕ್ ಸೇರಿ ಸ್ಕೂಲು ಶುರುಮಾಡಿದರು, ಆಮೇಲೆ ಅದು ನ್ಯೂಜೆರ್ಸಿಗೆ ಬಂತು. ಇವತ್ತು ಮಾರಿಸ್‌ಟೌನ್ ಗ್ರೀನ್ ಎಂಬ ಪಾರ್ಕಿನಲ್ಲಿ ಫ್ರಾಂಕ್ ಮತ್ತು ಬಡ್ಡಿಯ ಕಂಚಿನ ಪ್ರತಿಮೆ ಇದೆ. ಹೋದಾಗ ತಪ್ಪದೆ ಮುಟ್ಟಿ ನೋಡಿ.

ಎಷ್ಟು ಖರ್ಚಾಗುತ್ತದೆ?

ಸೀಯಿಂಗ್ ಐನಲ್ಲಿ ಮೊದಲ ನಾಯಿಗೆ 150 ಡಾಲರ್. ಆಮೇಲಿನ ನಾಯಿಗಳಿಗೆ 50. ಸೇನೆಯಲ್ಲಿ ಇದ್ದು ಬಂದವರಿಗೆ 1 ಡಾಲರ್. ಇದರಲ್ಲೇ ನಾಯಿ, ಹಾರ್ನೆಸ್ (ನಾಯಿಯ ಮೈಗೆ ತೊಡಿಸುವ ಪಟ್ಟಿ, ನೀವು ಹಿಡಿದು ನಡೆಯಲು ಅದಕ್ಕೊಂದು ಹಿಡಿ ಇರುತ್ತದೆ), ಊಟ, ವಸತಿ, ಬಂದುಹೋಗುವ ಖರ್ಚು ಎಲ್ಲ ಸೇರಿದೆ. ಕಂತಿನಲ್ಲೂ ಕಟ್ಟಬಹುದು. ಬೇರೆ ದೊಡ್ಡ ಸ್ಕೂಲುಗಳಲ್ಲಿ ಬಹುತೇಕ ಪೂರ್ತಿ ಉಚಿತ. ಇಷ್ಟಕ್ಕೆಲ್ಲ ದುಡ್ಡು ಬರುವುದು ಜನರ ದೇಣಿಗೆಯಿಂದ. ಹಾಗಾಗಿ ಯಾರಾದರೂ ಸಾವಿರಾರು ಡಾಲರ್ ಕೊಟ್ಟರೆ ಗೈಡ್ ಡಾಗ್ ಕೊಡಿಸುತ್ತೇವೆ ಅಂದರೆ ಅಂಥವರ ಹತ್ತಿರ ಹೋಗಲೇಬೇಡಿ.

ಮನೆಗೆ ಬಂದ ಮೇಲಿನ ಖರ್ಚು ಬೇರೆ. ನಾಯಿಯ ಆಹಾರ, ಲಸಿಕೆ, ಪಶುವೈದ್ಯರು. ಇದಕ್ಕೂ ಸಹಾಯ ಮಾಡುವ ಸ್ಕೂಲುಗಳಿವೆ. ಅರ್ಜಿ ಹಾಕುವಾಗಲೇ ಕೇಳಿ, ಸಂಕೋಚ ಬೇಡ.

ನನಗೆ ಸ್ವಲ್ಪ ಕಾಣುತ್ತದೆ. ನನಗೂ ಕೊಡುತ್ತಾರಾ?

ಕೊಡಬಹುದು. ಅಮೆರಿಕದಲ್ಲಿ ಕಾನೂನಿನ ಪ್ರಕಾರ ಕುರುಡುತನ ಅಂದರೆ ಎರಡರಲ್ಲಿ ಚೆನ್ನಾಗಿ ಕಾಣುವ ಕಣ್ಣಿನಲ್ಲಿ ಕನ್ನಡಕ ಹಾಕಿಯೂ 20/200 (ಬೇರೆಯವರಿಗೆ 200 ಅಡಿಯಿಂದ ಕಾಣುವುದು ನಿಮಗೆ 20 ಅಡಿಯಿಂದ ಮಾತ್ರ ಕಾಣುವುದು) ಅಥವಾ ಅದಕ್ಕಿಂತ ಕಡಿಮೆ ದೃಷ್ಟಿ, ಇಲ್ಲವೇ ನೋಟದ ವ್ಯಾಪ್ತಿ 20 ಡಿಗ್ರಿಯೊಳಗೆ ಇರುವುದು. ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ನೋಟ ಸುತ್ತಲಿಂದ ಕಿರಿದಾಗುತ್ತ ಬರುವ ಕಣ್ಣಿನ ಕಾಯಿಲೆ, ಇರುವವರು ಎಷ್ಟೋ ಜನ ಎರಡನೆಯ ಕಾರಣಕ್ಕೇ ಅರ್ಹರಾಗುತ್ತಾರೆ. ಆದರೆ ಸ್ವಲ್ಪ ಕಾಣುವವರಿಗೆ ಒಂದು ಕಷ್ಟ ಇದೆ. ನಾಯಿ ದಾರಿಗೆ ಅಡ್ಡ ಇರುವುದನ್ನು ಸುತ್ತಿಬಳಸಿ ಹೋಗಲು ಶುರುಮಾಡುವ ಮೊದಲೇ ನಿಮ್ಮ ಕಣ್ಣು ಅದನ್ನು ಹಿಡಿದು, ನೀವೇ ಪಕ್ಕಕ್ಕೆ ಸರಿದುಬಿಡುತ್ತೀರಿ. ಹೀಗೇ ನಡೆದರೆ ನಾಯಿ ಸುಮ್ನೆ ನಿಮ್ಮ ಹಿಂದೆ ಬರುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಅದಕ್ಕೇ ಕೆಲವರಿಗೆ ಟೀಚರ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಡೆಯಲು ಹೇಳಬಹುದು.

ಕಣ್ಣಿಗಿಂತ ಮುಖ್ಯವಾಗಿ ನೋಡುವುದು ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡಲು ಬರುತ್ತದಾ ಅನ್ನುವುದನ್ನು. ಮನೆಯಿಂದ ಬಸ್‌ಸ್ಟಾಪಿಗೆ, ಅಂಗಡಿಗೆ, ಕೆಲಸಕ್ಕೆ. ಇಲ್ಲಿ ನಮ್ಮವರಲ್ಲಿ ಒಂದು ತೊಂದರೆ ಇದೆ, ನೇರವಾಗಿ ಹೇಳುತ್ತೇನೆ. ಮನೆಯವರು ಪ್ರೀತಿಯಿಂದಲೇ ಎಲ್ಲ ಕಡೆಗೂ ಕಾರಿನಲ್ಲಿ ಬಿಡುತ್ತಾರೆ. ಕೈ ಹಿಡಿದು ನಡೆಸುತ್ತಾರೆ. ವರ್ಷಗಟ್ಟಲೆ ಹಾಗೆ ಬದುಕಿದವರಿಗೆ ತಮ್ಮ ಬೀದಿಯ ತಿರುವುಗಳೇ ಗೊತ್ತಿರುವುದಿಲ್ಲ. ಅಂಥವರಿಗೆ ನಾಯಿ ಕೊಟ್ಟು ಏನು ಮಾಡುವುದು? ಅದಕ್ಕೆ ಮೊದಲು ನಿಮ್ಮ ರಾಜ್ಯದ ಸೇವೆಗಳನ್ನು ಹುಡುಕಿ ಕೋಲಿನ ತರಬೇತಿ ತೆಗೆದುಕೊಳ್ಳಿ. ನ್ಯೂಜೆರ್ಸಿಯಲ್ಲಾದರೆ ಅಂಧರಿಗಾಗಿಯೇ ಸರ್ಕಾರದ ಕಮಿಷನ್ ಇದೆ. ಆಮೇಲೆ ಅರ್ಜಿ.

ಕೋಲಿನಲ್ಲೇ ಆರಾಮಾಗಿ ಓಡಾಡುತ್ತೇನೆ. ಮತ್ತೆ ನಾಯಿ ಯಾಕೆ?

ಬೇಡ ಅನ್ನಿಸಿದರೆ ಬೇಡ. ಕೋಲಿಗೆ ಊಟ ಹಾಕಬೇಕಿಲ್ಲ, ಮಳೆಯಲ್ಲಿ ಹೊರಗೆ ಕರೆದುಕೊಂಡು ಹೋಗಬೇಕಿಲ್ಲ, ಮೂಲೆಯಲ್ಲಿ ಇಟ್ಟರೆ ಅಲ್ಲೇ ಇರುತ್ತದೆ. ವ್ಯತ್ಯಾಸ ಇರುವುದು ನಡಿಗೆಯಲ್ಲಿ. ಕೋಲು ಅಡ್ಡ ಬಂದದ್ದನ್ನು ತಾಗಿ ತಿಳಿಸುತ್ತದೆ. ನಾಯಿ ಅದನ್ನು ತಾಗದೆಯೇ ಬಳಸಿ ಹೋಗುತ್ತದೆ. ಎಷ್ಟೋ ಸಲ ಅಲ್ಲಿ ಏನಿತ್ತು ಅನ್ನುವುದೂ ನಿಮಗೆ ತಿಳಿಯುವುದಿಲ್ಲ, ಹಾರ್ನೆಸ್ಸಿನ ಹಿಡಿ ಕೊಂಚ ಎಡಕ್ಕೆ ವಾಲಿ ಮತ್ತೆ ನೇರವಾಯಿತು ಅಷ್ಟೇ. ತಲೆ ಎತ್ತರಕ್ಕೆ ಬಾಗಿರುವ ಕೊಂಬೆ ಕೋಲಿಗೆ ಸಿಗುವುದಿಲ್ಲ, ನಾಯಿ ಅದನ್ನೂ ನೋಡುತ್ತದೆ. ಜನಜಂಗುಳಿ ಇರುವ ರೈಲ್ವೆ ಸ್ಟೇಷನ್ನಿನಲ್ಲಿ ವೇಗವಾಗಿ ನಡೆಯುವುದು ಅಂದರೆ ಏನು ಅಂತ ನನಗೆ ಗೊತ್ತಾದದ್ದು ನಾಯಿ ಬಂದ ಮೇಲೆ.

ನನಗೆ ನಾಯಿ ಅಂದರೆ ಭಯ. ಚಿಕ್ಕಂದಿನಿಂದ ಬೀದಿನಾಯಿ ಅಟ್ಟಿಸಿಕೊಂಡು ಬಂದದ್ದೇ ನೆನಪು.

ಈ ಪ್ರಶ್ನೆ ಬೇರೆಯವರಿಗಿಂತ ನಮ್ಮವರಿಂದಲೇ ಜಾಸ್ತಿ ಬರುತ್ತದೆ. ಕಣ್ಣು ಕಾಣದೆ ಬೀದಿಯಲ್ಲಿ ಬೊಗಳುವ ಸದ್ದು ಕೇಳಿ ನಿಂತಲ್ಲೇ ನಿಂತವರಿಗೆ ಆ ಭಯ ಎಂಥದ್ದು ಅಂತ ಗೊತ್ತು. ಅದು ಹೇಡಿತನ ಅಲ್ಲ. ಮೊದಲು ಗೆಳೆಯರ ಮನೆಯ ಶಾಂತ ಸ್ವಭಾವದ ನಾಯಿಯೊಂದರ ಜೊತೆ ಕೂತು ನೋಡಿ. ಕೈ ನೆಕ್ಕಿದರೆ ಮೈ ಜುಂ ಅನ್ನುತ್ತದಾ, ರೋಮ ಬಟ್ಟೆಗೆ ಹತ್ತಿದರೆ ಸಹಿಸುತ್ತೀರಾ, ಅದರ ಬಾಯಿಯಿಂದ ಏನನ್ನಾದರೂ ತೆಗೆಯಬೇಕಾಗಿ ಬಂದರೆ ಕೈ ಹಾಕುತ್ತೀರಾ? ಕೊನೆಯದು ನಿಜವಾಗಿಯೂ ಬೇಕಾಗುತ್ತದೆ. ಫುಟ್‌ಪಾತಿನಲ್ಲಿ ಬಿದ್ದ ಕೋಳಿಮೂಳೆಯನ್ನು ನಾಯಿ ಬಾಯಿಗೆ ಹಾಕಿಕೊಂಡರೆ ನೀವೇ ತೆಗೆಯಬೇಕು. ಸ್ಕೂಲಿನವರಿಗೆ ಭಯದ ವಿಷಯ ಮುಚ್ಚಿಡಬೇಡಿ. ಅವರು ಸೌಮ್ಯವಾದ, ಮೈಮೇಲೆ ಹಾರದ ನಾಯಿಯನ್ನು ನೋಡುತ್ತಾರೆ.

ಬ್ಯಾಗಿನಲ್ಲಿ ಏನೇನು ಇರಬೇಕು?

ಚೆನ್ನಾಗಿ ಪಳಗಿದ ಎರಡು ಜೊತೆ ಶೂ. ಹೊಸದಾಗಿ ಕೊಂಡ ಶೂ ಹಾಕಿಕೊಂಡು ಹೋಗಿ ಮೂರನೇ ದಿನಕ್ಕೆ ಕಾಲು ಬೊಬ್ಬೆ ಬಂದರೆ ಇಡೀ ವಾರ ಹಾಳು. ದಿನಕ್ಕೆ ಎರಡು ಹೊತ್ತು ನಡೆಯುವುದಿರುತ್ತದೆ, ಮಳೆ ಬಂದರೂ ಹಿಮ ಬಿದ್ದರೂ. ಮಳೆ ಕೋಟು ತಲೆ ಮುಚ್ಚುವಂಥದ್ದು ಬೇಕು, ಕೊಡೆ ಹಿಡಿಯಲು ಕೈ ಖಾಲಿ ಇರುವುದಿಲ್ಲ. ಜೇಬು ಇರುವ ಜಾಕೆಟ್. ನಾಯಿ ರೋಮ ಹತ್ತಿದರೂ ಪರವಾಗಿಲ್ಲ ಅನ್ನುವಂಥ ಪ್ಯಾಂಟು. ನಿಮ್ಮ ಔಷಧಿ, ಫೋನು, ಬ್ರೈಲ್ ಯಂತ್ರ, ಮತ್ತೆ ಬಿಳಿ ಕೋಲು. ಕೋಲನ್ನು ಮನೆಯಲ್ಲಿ ಬಿಟ್ಟು ಬರಬೇಡಿ, ಮೊದಲ ದಿನಗಳಲ್ಲಿ ಅದೇ ಗತಿ. ನಾಯಿಗೆ ಬೇಕಾದದ್ದೆಲ್ಲ ಅಲ್ಲೇ ಕೊಡುತ್ತಾರೆ.

ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುತ್ತೀರಾ? ಒಯ್ಯಿರಿ. ಆದರೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ನಾಯಿಗೆ ಎಟುಕದ ಎತ್ತರದಲ್ಲಿ ಇಡಿ.

ಮೊದಲ ದಿನ ಏನಾಗುತ್ತದೆ? ಹೋದ ಕೂಡಲೇ ನಾಯಿ ಕೊಡುತ್ತಾರಾ?

ಇಲ್ಲ. ಸ್ಕೂಲಿನವರೇ ಏರ್‌ಪೋರ್ಟಿನಿಂದ ಕರೆತರುತ್ತಾರೆ, ನಮಗಾದರೆ ನ್ಯೂಅರ್ಕ್. ಕೋಣೆ ತೋರಿಸುತ್ತಾರೆ. ಊಟದ ಕೋಣೆ, ನಾಯಿಯನ್ನು ಹೊರಗೆ ಬಿಡುವ ಜಾಗ, ಬಾಗಿಲುಗಳು, ಮೆಟ್ಟಿಲು ಎಲ್ಲವನ್ನೂ ನಡೆಸಿಕೊಂಡು ಪರಿಚಯ ಮಾಡಿಸುತ್ತಾರೆ. ಲೀಷ್, ಅಂದರೆ ನಾಯಿಯ ಹಗ್ಗ, ಹಿಡಿಯುವುದು ಹೇಗೆ, ಹಾರ್ನೆಸ್ ತೊಡಿಸುವುದು ಹೇಗೆ ಅಂತ ಪಾಠ. ರಾತ್ರಿ ಕೋಣೆಗೆ ಬಂದರೆ ಮಂಚದ ಪಕ್ಕದಲ್ಲಿ ನಾಯಿಯ ಹಾಸು ಇರುತ್ತದೆ, ನಾಯಿ ಇರುವುದಿಲ್ಲ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನಕ್ಕೆ ನಾಯಿ ಸಿಗುತ್ತದೆ.

ಜೂನೋ ವಾಕ್ ಅಂತಾರಲ್ಲ, ಅದೇನು?

ನಾಯಿಯೇ ಇಲ್ಲದ ನಡಿಗೆ. ಹಾರ್ನೆಸ್ಸಿನ ಹಿಡಿ ನಿಮ್ಮ ಎಡಗೈಯಲ್ಲಿ, ಅದರ ಮುಂದಿನ ತುದಿ ಟೀಚರ್ ಕೈಯಲ್ಲಿ. ಅವರೇ ನಾಯಿಯ ಪಾತ್ರ ಮಾಡುತ್ತಾರೆ, ಆ ನಾಯಿಯ ಹೆಸರು ಜೂನೋ. ನೀವು "ಜೂನೋ, ಫಾರ್ವರ್ಡ್" ಅನ್ನಬೇಕು, ಅವರು ಎಳೆದುಕೊಂಡು ಹೊರಡುತ್ತಾರೆ. ದೊಡ್ಡ ಮನುಷ್ಯರೊಬ್ಬರಿಗೆ ಬೀದಿಯಲ್ಲಿ ಗುಡ್ ಗರ್ಲ್ ಅಂತ ಗಟ್ಟಿಯಾಗಿ ಹೊಗಳಲು ಎಲ್ಲರಿಗೂ ನಾಚಿಕೆ ಆಗುತ್ತದೆ. ಆದರೂ ಹೊಗಳಿ, ಜೋರಾಗಿ ಹೊಗಳಿ. ಅವರು ನಿಮ್ಮ ವೇಗ ಎಷ್ಟು, ಎಷ್ಟು ಎಳೆತ ತಡೆಯುತ್ತೀರಿ, ಸಮತೋಲನ ಹೇಗಿದೆ, ದನಿ ಮೆತ್ತಗಾ ಗಟ್ಟಿಯಾ, ನಾಯಿ ತಪ್ಪು ಮಾಡಿದರೆ ತಿದ್ದುತ್ತೀರಾ ಅಥವಾ ಬಿಟ್ಟುಬಿಡುತ್ತೀರಾ ಎಲ್ಲ ಗಮನಿಸುತ್ತಿರುತ್ತಾರೆ. ಆ ದಿನ ನಿಮ್ಮ ನಿಜವಾದ ವೇಗದಲ್ಲಿ ನಡೆಯಿರಿ. ಗಟ್ಟಿಗರು ಅನ್ನಿಸಿಕೊಳ್ಳಲು ಓಡಿದರೆ ಆಮೇಲೆ ಎಂಟು ವರ್ಷ ಓಡಬೇಕಾದೀತು.

ನಾಯಿಯನ್ನು ನಾನೇ ಆರಿಸಬಹುದಾ? ಹೆಸರು ಬದಲಾಯಿಸಬಹುದಾ?

ಎರಡಕ್ಕೂ ಇಲ್ಲ. ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಇವೆರಡರ ಮಿಶ್ರತಳಿ, ಜರ್ಮನ್ ಶೆಫರ್ಡ್ ಇರುತ್ತವೆ. ಅಲರ್ಜಿಯಂಥ ಕಾರಣವಿದ್ದರೆ ಮೊದಲೇ ಹೇಳಬಹುದು. ಉಳಿದದ್ದು ಟೀಚರ್ ಲೆಕ್ಕಾಚಾರ. ನಗರದಲ್ಲಿ ದಿನಾ ರೈಲು ಹತ್ತುವವರಿಗೆ ಬೇಕಾದ ನಾಯಿ ಬೇರೆ, ಸದ್ದಿಲ್ಲದ ಬಡಾವಣೆಯಲ್ಲಿ ನಿಧಾನಕ್ಕೆ ನಡೆಯುವ ಹಿರಿಯರಿಗೆ ಬೇಕಾದ ನಾಯಿ ಬೇರೆ. ಹೆಸರು ಮರಿಯಾಗಿದ್ದಾಗಲೇ ಇಟ್ಟಿರುತ್ತಾರೆ, ಅದಕ್ಕೇ ಅದು ತಿರುಗುತ್ತದೆ. ಮನೆಯಲ್ಲಿ ಚಿನ್ನು, ಪುಟ್ಟಿ ಅಂತ ಮುದ್ದಿಗೆ ಏನು ಬೇಕಾದರೂ ಕರೆಯಿರಿ. ಕೆಲಸದ ಹೊತ್ತಿನಲ್ಲಿ ಅದರ ಹೆಸರೇ.

ನಾಯಿ ಸಿಗುವ ದಿನ ಹೇಗಿರುತ್ತದೆ?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಎಲ್ಲರೂ ಏನೇನೋ ಕಲ್ಪಿಸಿಕೊಂಡು ಹೋಗಿರುತ್ತಾರೆ.

ಬೆಳಿಗ್ಗೆ ಟೀಚರ್ ಬಂದು ನಿಮಗೆ ಯಾವ ತಳಿ, ಯಾವ ಬಣ್ಣ, ಏನು ಹೆಸರು ಅಂತ ಹೇಳುತ್ತಾರೆ. ಅಲ್ಲಿವರೆಗೆ ಅದು ಗುಟ್ಟು. ಆಮೇಲೆ ಒಂದು ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸುತ್ತಾರೆ, ಕೈಯಲ್ಲಿ ಲೀಷ್. ಬಾಗಿಲು ತೆರೆಯುತ್ತದೆ. ಉಗುರುಗಳು ನೆಲಕ್ಕೆ ತಾಗುವ ಟಕ್ ಟಕ್ ಸದ್ದು. ಒದ್ದೆ ಮೂಗು ಕೈಗೆ ತಾಗುತ್ತದೆ. ಒಂದು ಸಲ ಮೂಸಿ ನೋಡಿ ನಾಯಿ ತಿರುಗಿ ಟೀಚರ್ ಕಡೆ ಹೋಗಲು ಎಳೆಯುತ್ತದೆ.

ಹೌದು, ಎಳೆಯುತ್ತದೆ. ನಾಲ್ಕು ತಿಂಗಳು ದಿನವೂ ತನ್ನ ಜೊತೆ ನಡೆದ ಮನುಷ್ಯರು ಅವರು. ನೀವು ಯಾರು ಅಂತಲೇ ಅದಕ್ಕೆ ಗೊತ್ತಿಲ್ಲ. ಆ ರಾತ್ರಿ ನನ್ನ ಕೋಣೆಯಲ್ಲಿ ನಾಯಿ ಬಾಗಿಲಿಗೆ ಮುಖ ಮಾಡಿ ಮಲಗಿತ್ತು. ಕಾರಿಡಾರಿನಲ್ಲಿ ಟೀಚರ್ ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಕತ್ತಿನ ಪಟ್ಟಿ ಅಲ್ಲಾಡುತ್ತಿತ್ತು, ತಲೆ ಎತ್ತುತ್ತಿದೆ ಅಂತ ಗೊತ್ತಾಗುತ್ತಿತ್ತು. ಹೆಜ್ಜೆ ದೂರವಾದರೆ ಒಂದು ಉಸಿರು ಬಿಟ್ಟು ಮತ್ತೆ ತಲೆ ಕೆಳಗಿಡುತ್ತಿತ್ತು. ನಾನು ನೆಲದ ಮೇಲೆ ಅದರ ಪಕ್ಕದಲ್ಲೇ ಕೂತೆ. ಏನೂ ಮಾಡಲಿಲ್ಲ. ನಿಮಗೂ ಇದನ್ನೇ ಹೇಳುತ್ತೇನೆ: ಅಪ್ಪಿಕೊಂಡು ಮುದ್ದು ಮಾಡಿ ಒಂದೇ ದಿನದಲ್ಲಿ ಒಲಿಸಿಕೊಳ್ಳಲು ಹೋಗಬೇಡಿ. ಊಟ ನೀವು ಹಾಕಿ, ನೀರು ನೀವು ಇಡಿ, ಹೊರಗೆ ನೀವು ಕರೆದುಕೊಂಡು ಹೋಗಿ, ಮೈ ನೀವು ಬಾಚಿ. ಟೀಚರ್ ಬೇಕೆಂದೇ ನಾಯಿಯನ್ನು ಮಾತಾಡಿಸದೆ ದೂರ ನಿಲ್ಲುತ್ತಾರೆ. ಅವರಿಗೂ ಅದು ಸುಲಭವಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಹೊತ್ತು ನೀವು ಬಾತ್‌ರೂಮಿಗೆ ಹೋದರೆ ಬಾಗಿಲ ಹೊರಗೆ ಕುಂಯ್ ಅನ್ನುವುದು ಕೇಳಿಸುತ್ತದೆ.

ದಿನಚರಿ ಹೇಗೆ?

ಬೆಳಿಗ್ಗೆ ಆರಕ್ಕೂ ಮೊದಲೇ ಏಳಬೇಕು. ನಾಯಿಯನ್ನು ಹೊರಗೆ ಬಿಡಬೇಕು, ಊಟ ಹಾಕಬೇಕು, ಆಮೇಲೆ ನಿಮ್ಮ ತಿಂಡಿ. ಸಿಟ್, ಡೌನ್, ರೆಸ್ಟ್ ಅಂತ ಸ್ವಲ್ಪ ಹೊತ್ತು ಅಭ್ಯಾಸ. ಬೆಳಿಗ್ಗೆ ಒಂದು ಸಲ ಊರೊಳಗೆ ನಡಿಗೆ, ಊಟದ ನಂತರ ಇನ್ನೊಂದು. ಸಂಜೆ ಪಾಠ, ರಾತ್ರಿ ಎಂಟರ ಸುಮಾರಿಗೆ ನಾಯಿಯನ್ನು ಕೊನೆಯ ಸಲ ಹೊರಗೆ ಬಿಡುವುದು. ಮೊದಲು ನೇರ ರಸ್ತೆ, ಆಮೇಲೆ ತಿರುವು, ಆಮೇಲೆ ಸಿಗ್ನಲ್, ಅಂಗಡಿ, ಎಸ್ಕಲೇಟರ್, ರೈಲು. ಕೊನೆಯ ವಾರ ಬೇಕೆನ್ನುವವರನ್ನು ನ್ಯೂಯಾರ್ಕಿಗೂ ಕರೆದುಕೊಂಡು ಹೋಗುತ್ತಾರೆ. ಮಧ್ಯಾಹ್ನ ಸಿಕ್ಕ ಅರ್ಧ ಗಂಟೆ ಮಲಗಿ, ಬೇರೇನೂ ಮಾಡಬೇಡಿ.

ಕಾಣದೆ ಇರುವವರು ನಾಯಿಯ ಹೊಲಸು ಎತ್ತುವುದು ಹೇಗೆ?

ಎಲ್ಲರಿಗೂ ಕೇಳಬೇಕು, ಆದರೆ ಕೇಳಲು ಸಂಕೋಚ. ಕಷ್ಟವೇನಿಲ್ಲ. ಹಾರ್ನೆಸ್ ತೆಗೆದು, ಲೀಷ್ ಉದ್ದ ಬಿಟ್ಟು, ನಾಯಿ ಸುತ್ತಲೂ ತಿರುಗುವಂತೆ ನಿಲ್ಲುತ್ತೀರಿ. ಅದು ನಿಂತ ಕೂಡಲೇ ಬೆನ್ನ ಮೇಲೆ ಮೆಲ್ಲಗೆ ಕೈಯಾಡಿಸಿ. ಬೆನ್ನು ಬಿಲ್ಲಿನಂತೆ ಬಾಗಿದ್ದರೆ ಎರಡಕ್ಕೆ, ಇಳಿಜಾರಾಗಿದ್ದರೆ ಮೂತ್ರಕ್ಕೆ. ಬಾಗಿದ್ದರೆ ಬಾಲದ ಬುಡದ ಹತ್ತಿರ ನಿಮ್ಮ ಪಾದ ಇಟ್ಟು ಗುರುತು ಮಾಡಿಕೊಳ್ಳಿ. ಮುಗಿದ ಮೇಲೆ ಪ್ಲಾಸ್ಟಿಕ್ ಚೀಲವನ್ನು ಗ್ಲೌಸಿನ ಹಾಗೆ ಕೈಗೆ ಹಾಕಿ, ಪಾದದ ಮುಂದೆ ಬಗ್ಗಿ ತಡಕಿದರೆ ಬೆಚ್ಚಗೆ ಕೈಗೆ ಸಿಗುತ್ತದೆ. ಹಿಡಿದು, ಚೀಲ ಒಳಹೊರಗು ಮಾಡಿ ಗಂಟು ಹಾಕಿದರೆ ಆಯಿತು. ಹೊತ್ತಿಗೆ ಸರಿಯಾಗಿ ಊಟ ಹಾಕಿದರೆ ಇದೂ ಹೊತ್ತಿಗೆ ಸರಿಯಾಗಿ ಆಗುತ್ತದೆ. ಮಡಿ ಮನೆಯಲ್ಲಿ ಬೆಳೆದವರಿಗೂ ವಾರದೊಳಗೆ ಏನೂ ಅನ್ನಿಸುವುದಿಲ್ಲ.

ನಾವು ಸಸ್ಯಾಹಾರಿಗಳು. ಊಟ ಸಿಗುತ್ತದಾ? ನಾಯಿಗೂ ಸಸ್ಯಾಹಾರ ಹಾಕಬಹುದಾ?

ನಿಮಗೆ ಸಿಗುತ್ತದೆ. ಅರ್ಜಿಯಲ್ಲೇ ಬರೆಯಿರಿ, ಮೊಟ್ಟೆಯೂ ಬೇಡ ಅಂದರೆ ಬಿಡಿಸಿ ಬರೆಯಿರಿ. ನಾಯಿಗೆ ಮಾತ್ರ ಸ್ಕೂಲು ಹೇಳಿದ ಆಹಾರವೇ, ಅದರಲ್ಲಿ ಮಾಂಸ ಇರುತ್ತದೆ. ಒಣ ಕಾಳಿನ ರೂಪದಲ್ಲಿ ಬರುತ್ತದೆ, ಅಳತೆ ಲೋಟದಲ್ಲಿ ಅಳೆದು ಹಾಕುವುದು. ಗ್ಯಾರೇಜಿನಲ್ಲೋ ಬೇರೆ ಡ್ರಮ್ಮಿನಲ್ಲೋ ಇಟ್ಟುಕೊಳ್ಳಿ. ಮೊಸರನ್ನ ಹಾಕಿ ಸಾಕುತ್ತೇವೆ ಅನ್ನುವುದು ಕೆಲಸ ಮಾಡುವ ನಾಯಿಗೆ ಅನ್ಯಾಯ.

ನಾಯಿಗೆ ಕೆಂಪು ದೀಪ, ಹಸಿರು ದೀಪ ಗೊತ್ತಾಗುತ್ತದಾ?

ಇಲ್ಲ. ನಾಯಿಗೆ ಕೆಂಪು ಹಸಿರು ಬೇರೆಬೇರೆಯಾಗಿ ಕಾಣುವುದಿಲ್ಲ, ದೀಪ ನೋಡಿ ದಾಟಿಸುವ ತರಬೇತಿಯನ್ನೂ ಕೊಡುವುದಿಲ್ಲ. ನಿಮ್ಮ ಪಕ್ಕದ ರಸ್ತೆಯಲ್ಲಿ ವಾಹನಗಳು ಹೊರಟ ಸದ್ದು ಕೇಳಿಸಿಕೊಂಡು ಈಗ ನಮ್ಮ ಸರದಿ ಅಂತ ತೀರ್ಮಾನಿಸುವವರು ನೀವು. "ಫಾರ್ವರ್ಡ್" ಅನ್ನುತ್ತೀರಿ. ಆಗ ಕಾರೊಂದು ಅಡ್ಡ ನುಗ್ಗಿದರೆ ನಾಯಿ ಹೆಜ್ಜೆ ಇಡುವುದಿಲ್ಲ, ಅಥವಾ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಆಜ್ಞೆ ತಪ್ಪು ಅಂತ ಗೊತ್ತಾದಾಗ ಅದನ್ನು ಮೀರಲು ನಾಯಿಗೆ ಕಲಿಸಿರುತ್ತಾರೆ. ತರಬೇತಿಯಲ್ಲಿ ಟೀಚರ್‌ಗಳೇ ಕಾರು ಓಡಿಸಿಕೊಂಡು ಬಂದು ನಿಮಗೆ ಅಡ್ಡ ಹಾಕುತ್ತಾರೆ, ಸದ್ದು ಮಾಡದ ಹೈಬ್ರಿಡ್ ಕಾರಿನಲ್ಲೂ ಬರುತ್ತಾರೆ. ನಾಯಿ ನಿಂತರೆ ನೀವೂ ನಿಲ್ಲಬೇಕು. ಆಮೇಲೆ ಯಾಕೆ ಅಂತ ಕೇಳಿ. ಮೂರು ವಾರದಲ್ಲಿ ಕಲಿಯುವ ಎಲ್ಲದರಲ್ಲಿ ಇದೇ ದೊಡ್ಡದು, ಇದೇ ಕಷ್ಟದ್ದು. ಹಿಡಿ ಹಿಂದಕ್ಕೆ ತಳ್ಳಿದ ಕ್ಷಣ ಕಾಲು ತಾನಾಗಿ ನಿಲ್ಲಬೇಕಾದರೆ ದೇಹಕ್ಕೆ ಅಭ್ಯಾಸವಾಗಬೇಕು. ಪುಸ್ತಕ ಓದಿ ಬರುವುದಿಲ್ಲ.

ಕನ್ನಡದಲ್ಲಿ ಹೇಳಿದರೆ ನಾಯಿ ಕೇಳುತ್ತದಾ?

ಕೆಲಸದ ಮಾತುಗಳು ಇಂಗ್ಲಿಷಿನಲ್ಲೇ ಇರಲಿ. ಫಾರ್ವರ್ಡ್, ಲೆಫ್ಟ್, ರೈಟ್, ಚುರುಕಾಗು ಅನ್ನಲು ಹಪ್-ಅಪ್. ಬೆರಳೆಣಿಕೆಯ ಪದಗಳು. ಇಂಗ್ಲಿಷ್ ಕಡಿಮೆ ಬರುವ ಹಿರಿಯರೂ ಕಲಿಯಬಹುದು. ಮನೆಯಲ್ಲಿ ಅತ್ತೆಯವರು "ಕೂತ್ಕೋ" ಅಂತ, ಮಕ್ಕಳು "ಸಿಟ್" ಅಂತ, ನೀವು ಇನ್ನೇನೋ ಹೇಳಿದರೆ ನಾಯಿ ಯಾರ ಮಾತನ್ನೂ ಕೇಳದ ಹಾಗೆ ಆಗುತ್ತದೆ. ಹೊಗಳಿಕೆ ಮಾತ್ರ ಕನ್ನಡದಲ್ಲಿ ಧಾರಾಳವಾಗಿ. "ಜಾಣೆ ಕಣೇ ನನ್ನ ಬಂಗಾರ" ಅಂದರೆ ನನ್ನ ನಾಯಿಯ ಬಾಲ ನನ್ನ ಮೊಣಕಾಲಿಗೆ ಬಡಿಯುತ್ತದೆ.

ನಡುವೆ ಸಾಕಪ್ಪಾ ಅನ್ನಿಸಿದರೆ?

ಅನ್ನಿಸುತ್ತದೆ. ಬಹುಮಟ್ಟಿಗೆ ಎರಡನೇ ವಾರದಲ್ಲಿ. ಭುಜ ನೋಯುತ್ತದೆ, ನಿದ್ದೆ ಸಾಲದು, ನಿನ್ನೆ ಚೆನ್ನಾಗಿ ಮಾಡಿದ್ದನ್ನು ನಾಯಿ ಇವತ್ತು ಮಾಡುವುದಿಲ್ಲ. ಪಕ್ಕದವರ ನಾಯಿ ಎಷ್ಟು ಜಾಣ ಅನ್ನಿಸುತ್ತದೆ. ಟೀಚರ್ ಹತ್ತಿರ ಹೇಳಿಕೊಳ್ಳಿ. ಎರಡನೇ ಮೂರನೇ ನಾಯಿಗೆ ಬಂದವರು ಕ್ಲಾಸಿನಲ್ಲಿ ಇರುತ್ತಾರೆ, ರಾತ್ರಿ ಊಟದ ಮೇಜಿನಲ್ಲಿ ಅವರ ಪಕ್ಕ ಕೂತುಕೊಳ್ಳಿ. ಅವರಿಂದ ಕಲಿಯುವುದು ಪಾಠದಷ್ಟೇ ಇರುತ್ತದೆ. ನಿಜವಾಗಿಯೂ ಹೊಂದಾಣಿಕೆ ಆಗದಿದ್ದರೆ ನಾಯಿಯನ್ನೇ ಬದಲಾಯಿಸುವುದೂ ಉಂಟು, ಅದಕ್ಕೆ ಯಾರೂ ನಿಮ್ಮನ್ನು ದೂರುವುದಿಲ್ಲ.

ಮನೆಯವರು ಏನು ತಯಾರಿ ಮಾಡಿಕೊಳ್ಳಬೇಕು?

ಇದನ್ನು ಮನೆಯವರಿಗೇ ಓದಿ ಹೇಳಿ. ನಾಯಿ ಬಂದ ಮೊದಲ ದಿನಗಳಲ್ಲಿ ಯಾರೂ ಮುದ್ದು ಮಾಡಬಾರದು, ತಿನ್ನಲು ಏನೂ ಕೊಡಬಾರದು. ನೆಂಟರ ದಂಡು ನೋಡಲು ಬರಬಾರದು. ಹಾರ್ನೆಸ್ ಹಾಕಿದ್ದಾಗ ಮಾತಾಡಿಸಲೇಬಾರದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ನಮ್ಮ ಅಡುಗೆಮನೆಯಲ್ಲಿ ಇವೆಲ್ಲ ದಿನಾ ಇರುತ್ತವೆ, ಪಾಯಸದ ಲೋಟ ನೆಲದ ಮೇಲೆ ಇಟ್ಟು ಹೋಗುವ ಅಭ್ಯಾಸವೂ ಇದೆ. ಅದನ್ನು ಬಿಡಬೇಕು. ದೀಪಾವಳಿ ಪಟಾಕಿ ಹೊಡೆಯುವಾಗ ನಾಯಿಯನ್ನು ಒಳಕೋಣೆಯಲ್ಲಿ ಟಿವಿ ಹಾಕಿ ಇರಿಸಿ. ಸದ್ದಿಗೆ ಒಮ್ಮೆ ಜೋರಾಗಿ ಬೆದರಿದ ನಾಯಿ ಕೆಲಸಕ್ಕೇ ಬಾರದ ಹಾಗೆ ಆಗಬಹುದು.

ದೇವರ ಮನೆ ವಿಷಯಕ್ಕೆ ಎಷ್ಟೋ ಮನೆಗಳಲ್ಲಿ ಜಗಳವಾಗಿದೆ. ಬಾಗಿಲಲ್ಲಿ ಕೂರು ಅಂದರೆ ಈ ನಾಯಿ ಕೂರುತ್ತದೆ, ಅಷ್ಟು ಸಾಕಲ್ವಾ? ದತ್ತಾತ್ರೇಯನ ಚಿತ್ರದಲ್ಲಿ ನಾಲ್ಕು ನಾಯಿಗಳಿವೆ, ಭೈರವನ ವಾಹನವೇ ನಾಯಿ, ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಒಳಗೆ ಬರುವುದಿಲ್ಲ ಅಂದ. ಹಿರಿಯರಿಗೆ ಇದನ್ನು ಸಮಾಧಾನವಾಗಿ ಹೇಳಿದರೆ ಕೇಳುತ್ತಾರೆ.

ಹೋಟೆಲು, ಟ್ಯಾಕ್ಸಿ, ಬಾಡಿಗೆ ಮನೆ, ದೇವಸ್ಥಾನ: ಎಲ್ಲ ಕಡೆ ಬಿಡುತ್ತಾರಾ?

ಅಮೆರಿಕದಲ್ಲಿ 1990ರ ಅಂಗವಿಕಲರ ಕಾನೂನು, ಎಡಿಎ, ನಿಮ್ಮ ಬೆನ್ನಿಗಿದೆ. ಹೋಟೆಲು, ಅಂಗಡಿ, ಆಸ್ಪತ್ರೆ, ಟ್ಯಾಕ್ಸಿ, ಊಬರ್ ಯಾರೂ ಬೇಡ ಅನ್ನುವಂತಿಲ್ಲ. ಅಂಗಡಿ ಹೋಟೆಲಿನವರು ಎರಡೇ ಪ್ರಶ್ನೆ ಕೇಳಬಹುದು. ಅಂಗವೈಕಲ್ಯದ ಕಾರಣಕ್ಕೆ ಬೇಕಾದ ನಾಯಿಯಾ? ಅದು ಏನು ಕೆಲಸ ಮಾಡುತ್ತದೆ? ಕಾಗದಪತ್ರ ತೋರಿಸು ಅನ್ನುವ ಹಾಗಿಲ್ಲ. ಬಾಡಿಗೆ ಮನೆಗೆ ಬೇರೆ ಕಾನೂನಿದೆ, ಸಾಕುಪ್ರಾಣಿಯ ಶುಲ್ಕ ಹಾಕುವಂತಿಲ್ಲ. ಇಷ್ಟಿದ್ದರೂ ನಾಯಿ ನೋಡಿ ಗಾಡಿ ನಿಲ್ಲಿಸದೆ ಹೋಗುವ ಡ್ರೈವರ್‌ಗಳು ಇದ್ದಾರೆ. ನಮ್ಮ ಜೊತೆಯಲ್ಲಿ ನಾಯಿ ಇದ್ದ ಮಾತ್ರಕ್ಕೆ ಮಳೆಯಲ್ಲಿ ಬಿಟ್ಟು ಹೋಗುವುದು ತಪ್ಪು, ಪ್ರತಿ ಸಲವೂ ದೂರು ಕೊಡಿ.

ದೇವಸ್ಥಾನದ ವಿಷಯ ಬೇರೆ. ಧಾರ್ಮಿಕ ಸಂಸ್ಥೆಗಳಿಗೆ ಎಡಿಎಯ ಈ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿ ಹಕ್ಕು ಅಂತ ಕೇಳಲು ಬರುವುದಿಲ್ಲ. ಮೊದಲೇ ಆಡಳಿತದವರಿಗೆ ಫೋನ್ ಮಾಡಿ ಮಾತಾಡಿ. ಊಟದ ಕೋಣೆಗೆ, ಸಭಾಂಗಣಕ್ಕೆ ಬಿಡಿ ಅಂತ ಕೇಳಿ. ಕನ್ನಡ ಕೂಟದವರಿಗೂ ಹೇಳಿ. ಎಲ್ಲರೂ ಒಪ್ಪಬೇಕು ಅಂತ ನಾನು ಆಸೆಪಡುತ್ತೇನೆ. ದೇವರ ಎದುರಿಗೆ ನಿಲ್ಲಲು ಇನ್ನೊಬ್ಬರ ತೋಳು ಹಿಡಿದೇ ಬರಬೇಕು ಅನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ.

ಊರಿಗೆ ಬರುವಾಗ ನಾಯಿಯನ್ನೂ ಕರೆತರಬಹುದಾ?

ಬರಬಹುದು, ಆದರೆ ಚೆನ್ನಾಗಿ ಯೋಚಿಸಿ. ವಿಮಾನಕ್ಕೆ ಅಮೆರಿಕದ ಸಾರಿಗೆ ಇಲಾಖೆಯ ಫಾರ್ಮ್ ತುಂಬಬೇಕು. ಎಂಟು ಗಂಟೆ ಮೀರಿದ ಪ್ರಯಾಣಕ್ಕೆ ಇನ್ನೊಂದು ಫಾರ್ಮ್ ಕೇಳಬಹುದು, ಅಷ್ಟು ಹೊತ್ತು ನಾಯಿ ಗಲೀಜು ಮಾಡದೆ ಇರುತ್ತದೆ ಅಥವಾ ಸ್ವಚ್ಛವಾಗಿ ಮಾಡಬಲ್ಲದು ಅಂತ. ಭಾರತದೊಳಗೆ ತರಲು ಪ್ರಾಣಿ ಕ್ವಾರಂಟೈನ್ ಇಲಾಖೆಯ ಒಪ್ಪಿಗೆ ಮೊದಲೇ ಪಡೆಯಬೇಕು, ಬೆಂಗಳೂರಿನಲ್ಲಿ ಅದರ ಕಚೇರಿ ಇದೆ. ವಾಪಸ್ ಹೋಗುವುದು ಇನ್ನೂ ಕಷ್ಟ. ಭಾರತವನ್ನು ಅಮೆರಿಕ ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿ ಇಟ್ಟಿದೆ. 2024ರ ಆಗಸ್ಟ್ 1ರಿಂದ ನಿಯಮ ಬಿಗಿಯಾಗಿದೆ. ಅಮೆರಿಕದಲ್ಲಿ ಹಾಕಿಸಿದ ಲಸಿಕೆಯ ಪ್ರಮಾಣಪತ್ರವನ್ನು ಅಲ್ಲಿಂದ ಹೊರಡುವ ಮೊದಲೇ ಮಾಡಿಸಿಕೊಂಡು ಬರಬೇಕು.

ಕಾಗದಪತ್ರ ಹೇಗೋ ಆಗುತ್ತದೆ ಅನ್ನಿ. ಊರಿನ ಬೀದಿನಾಯಿಗಳ ಗುಂಪು, ಅಲ್ಲಲ್ಲಿ ಚಪ್ಪಡಿ ಕಿತ್ತುಹೋದ ಫುಟ್‌ಪಾತು, ಅದರ ಮೇಲೇ ಬರುವ ಬೈಕು, ಏಪ್ರಿಲ್ ಬಿಸಿಲಿಗೆ ಸುಡುವ ಡಾಂಬರು. ನಾಯಿ ಇದನ್ನೆಲ್ಲ ಕಲಿತಿಲ್ಲ. ಎರಡು ಮೂರು ವಾರಕ್ಕೆ ಬರುವುದಾದರೆ ನಾಯಿಯನ್ನು ಗೊತ್ತಿರುವವರ ಮನೆಯಲ್ಲಿ ಬಿಟ್ಟು, ಕೋಲು ಹಿಡಿದು ಬನ್ನಿ ಅಂತ ನಾನು ಹೇಳುತ್ತೇನೆ. ಮರಿ ಇದ್ದಾಗ ಸಾಕಿದ ಕುಟುಂಬದವರು ಎಷ್ಟೋ ಸಲ ಖುಷಿಯಿಂದ ಇಟ್ಟುಕೊಳ್ಳುತ್ತಾರೆ.

ಕರ್ನಾಟಕದಲ್ಲಿ ಇರುವವರು ಅಲ್ಲಿಗೆ ಅರ್ಜಿ ಹಾಕಬಹುದಾ?

ಸೀಯಿಂಗ್ ಐ ಕೊಡುವುದು ಅಮೆರಿಕ, ಕೆನಡಾದಲ್ಲಿ ನೆಲೆಸಿದವರಿಗೆ. ಕಾರಣ ಇದೆ. ನಾಯಿ ಕೊಟ್ಟ ಮೇಲೂ ಟೀಚರ್‌ಗಳು ನಿಮ್ಮ ಊರಿಗೆ ಬಂದು ತೊಂದರೆ ತಿದ್ದುತ್ತಾರೆ, ಅದು ನಾಯಿಯ ಕೆಲಸ ಮುಗಿಯುವವರೆಗೂ ಇರುತ್ತದೆ. ಕೆಲಸಕ್ಕೋ ಓದಿಗೋ ಅಲ್ಲಿಗೆ ಹೋಗಿ ನೆಲೆಸುವವರು ಕೇಳಬಹುದು.

ನಾಯಿಗೆ ವಯಸ್ಸಾದ ಮೇಲೆ?

ಸುಮಾರು ಎರಡು ವರ್ಷಕ್ಕೆ ಕೆಲಸ ಶುರುಮಾಡಿದ ನಾಯಿ ಹೆಚ್ಚಾಗಿ ಎಂಟು ಹತ್ತು ವಯಸ್ಸಿನವರೆಗೆ ದುಡಿಯುತ್ತದೆ. ನಡಿಗೆ ನಿಧಾನವಾಗುತ್ತದೆ, ಮೆಟ್ಟಿಲು ಹತ್ತಲು ಹಿಂದೆ ಮುಂದೆ ನೋಡುತ್ತದೆ, ಹಾರ್ನೆಸ್ ಹಿಡಿದಾಗ ಮೊದಲಿನಂತೆ ತಲೆ ತಾನೇ ತೂರಿಸುವುದಿಲ್ಲ. ಮೊದಲು ಗೊತ್ತಾಗುವುದು ನಿಮ್ಮ ಎಡಗೈಗೆ. ಆಮೇಲೆ ಅದನ್ನು ಮನೆಯಲ್ಲೇ ಸಾಕುನಾಯಿಯಾಗಿ ಇಟ್ಟುಕೊಳ್ಳಬಹುದು. ಗೆಳೆಯರಿಗೆ, ಸಾಕಿದ ಕುಟುಂಬಕ್ಕೆ ಕೊಡಬಹುದು. ಇಲ್ಲವೇ ಸ್ಕೂಲಿನವರೇ ಒಳ್ಳೆಯ ಮನೆ ಹುಡುಕುತ್ತಾರೆ. ಹೊಸ ನಾಯಿಗೆ ಮತ್ತೆ ಅರ್ಜಿ ಹಾಕಬೇಕು. ಎರಡನೇ ಸಲ ಬಂದವರಿಗೆ ಕ್ಲಾಸು ಕಡಿಮೆ ದಿನ. ಹಳೆಯ ನಾಯಿ ಪೂರ್ತಿ ನಿಲ್ಲುವವರೆಗೆ ಕಾಯಬೇಡಿ. ವೇಗ ಇಳಿಯಿತು ಅನ್ನಿಸಿದಾಗಲೇ ಸ್ಕೂಲಿಗೆ ಫೋನ್ ಮಾಡಿ, ಯಾಕೆಂದರೆ ಹೊಂದುವ ನಾಯಿ ಸಿಗಲು ತಿಂಗಳುಗಟ್ಟಲೆ ಹಿಡಿಯಬಹುದು.